ಬೀಗ ಹಾಕಿದ ಗೇಟಿನ ಒಳಗೆ: ಪಾಳು ಜಾಗಗಳನ್ನು ನೋಡುವುದು ಹೇಗೆ?

ದಿನಾ ಬಸ್ಸಿನಲ್ಲಿ ಹೋಗುವಾಗ ಒಂದು ಉದ್ದನೆಯ ಕಾಂಪೌಂಡು ಸಿಗುತ್ತದೆ. ಗೇಟಿಗೆ ತುಕ್ಕು ಹಿಡಿದ ಬೀಗ. ಗೋಡೆಯ ಬಿರುಕಿನಲ್ಲಿ ಅರಳಿ ಗಿಡ. ಹಿಂದೆ ಒಂದು ಚಿಮಣಿ, ಗಾಜು ಒಡೆದ ಕಿಟಕಿಗಳು. ಒಳಗೇನಿದೆ ನೋಡಬೇಕು ಅಂತ ನಿಮಗೂ ಅನಿಸಿರುತ್ತದೆ, ಅಲ್ವಾ?

ಈ ಕುತೂಹಲವನ್ನೇ ಹವ್ಯಾಸ ಮಾಡಿಕೊಂಡವರು ಜಗತ್ತಿನ ತುಂಬ ಇದ್ದಾರೆ. ಅರ್ಬನ್ ಎಕ್ಸ್‌ಪ್ಲೋರಿಂಗ್ ಅಂತ ಅದಕ್ಕೆ ಹೆಸರು, ಚಿಕ್ಕದಾಗಿ ಅರ್ಬೆಕ್ಸ್. ಮುಚ್ಚಿದ ಕಾರ್ಖಾನೆ, ಪಾಳು ಬಂಗಲೆ, ಯಾರೂ ಬಳಸದ ನೀರಿನ ಟ್ಯಾಂಕು, ನೆಲದಡಿಯ ಕಾಲುವೆ ಎಲ್ಲವೂ ಇದರಲ್ಲಿ ಬರುತ್ತವೆ.

ನಾನು ಶುರು ಮಾಡಿದ್ದು ತಪ್ಪು ದಾರಿಯಲ್ಲಿ. ಹತ್ತಾರು ವರ್ಷದಿಂದ ಮುಚ್ಚಿದ್ದ ಒಂದು ಕಾರ್ಖಾನೆ, ಹೆಸರು ಬೇಡ. ಗೋಡೆ ಹಾರಿದೆ. ಮೇಲಿನ ಮಹಡಿಯಲ್ಲಿ ಹತ್ತು ಹೆಜ್ಜೆ ಇಟ್ಟಿರಬೇಕು, ಬಲಗಾಲು ಹಲಗೆ ಸೀಳಿಕೊಂಡು ಮೊಣಕಾಲಿನವರೆಗೆ ಕೆಳಗೆ ಹೋಯಿತು. ಸದ್ದು ಕೇಳಿ ಓಡಿ ಬಂದ ವಾಚ್‌ಮನ್ ತಾತ ಮೊದಲು ನನ್ನನ್ನು ಎಳೆದು ಕೂರಿಸಿದರು, ಆಮೇಲೆ ಬೈದರು. "ಗೇಟಲ್ಲಿ ಬಂದು ಕೇಳಿದ್ರೆ ನಾನೇನು ಕಚ್ತಿದ್ನಾ?" ಅಂದರು. ಅವತ್ತಿನಿಂದ ಗೋಡೆ ಹಾರುವುದು ಬಿಟ್ಟೆ. ಕೆಳಗೆ ಹೇಳುವುದೆಲ್ಲ ಗೇಟಿನಿಂದ ಹೋಗುವವರಿಗೆ.

ಮೊದಲು ಜಾಗ ಹುಡುಕಿ

ಹೊಸಬರು ತೆರೆದಿರುವ ಜಾಗಗಳಿಂದಲೇ ಶುರು ಮಾಡಲಿ. ಬೆಂಗಳೂರಿನಲ್ಲಿದ್ದರೆ ಹೆಸರಘಟ್ಟದ ಕಡೆ ಹೋಗಿ. 1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿ ನೀರನ್ನು ಊರಿಗೆ ತರುವ ಯೋಜನೆ ಬಂತು. ಹೆಸರಘಟ್ಟ ಕೆರೆಯ ನೀರು ಇಟ್ಟಿಗೆ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು ಬರುತ್ತಿತ್ತು. ಅಲ್ಲಿಂದ ಅದನ್ನು ಪಂಪ್ ಮಾಡಿ ಮಲ್ಲೇಶ್ವರದ ಕಡೆಗೆ ಕಳಿಸುತ್ತಿದ್ದರು. ಬೆಂಗಳೂರಿಗೆ ಕರೆಂಟು ಬಂದದ್ದೇ 1905ರಲ್ಲಿ. ಹಾಗಾಗಿ ಮೊದಲು ಪಂಪ್ ಓಡಿದ್ದು ಹಬೆಯಲ್ಲಿ. ಆ ಇಟ್ಟಿಗೆ ಕಾಲುವೆಯ ತುಂಡುಗಳು ಈಗಲೂ ಕಾಣುತ್ತವೆ. ಹೊರಗೆ ನಿಂತು ನೋಡಿದರೂ ಅರ್ಧ ದಿನ ಸಾಲದು.

ಇನ್ನೊಂದು ಜಾಲಹಳ್ಳಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆ 2016ರಲ್ಲಿ ನಿಂತಿತು. ಅಲ್ಲಿನ ಎಚ್‌ಎಂಟಿ ಮ್ಯೂಸಿಯಂಗೆ ಟಿಕೆಟ್ ತಗೊಂಡು ಹೋಗಬಹುದು. ಟಿಕೆಟ್ ತಗೊಂಡರೆ ಥ್ರಿಲ್ ಎಲ್ಲಿ ಅನ್ನಬೇಡಿ. ಮುಚ್ಚಿದ ಕಾರ್ಖಾನೆಯಲ್ಲಿ ಯಾವ ಯಂತ್ರ ಎಲ್ಲಿತ್ತು, ಏನು ಮಾಡುತ್ತಿತ್ತು ಅಂತ ಊಹಿಸಲು ಮೊದಲು ಇಂಥ ಕಡೆ ಕಣ್ಣು ಪಳಗಬೇಕು.

ಬೇರೆ ಜಾಗಗಳಿಗೆ ಗೂಗಲ್ ಅರ್ಥ್ ಇದೆ. ಅದರಲ್ಲಿ ಹಳೆಯ ವರ್ಷಗಳ ಚಿತ್ರ ನೋಡುವ ಸೌಲಭ್ಯ ಉಂಟು. ಒಂದೇ ಛಾವಣಿ ವರ್ಷ ವರ್ಷ ಹೇಗೆ ಕುಸಿಯಿತು ಅಂತ ಮನೆಯಲ್ಲೇ ಕೂತು ನೋಡಬಹುದು. ಐದು ವರ್ಷದ ಹಿಂದೆಯೇ ತೂತು ಬಿದ್ದ ಛಾವಣಿಯಾದರೆ ಅದರ ಕೆಳಗಿನ ಮಹಡಿ ಐದು ಮಳೆಗಾಲ ನೆನೆದಿದೆ ಅಂತ ಅರ್ಥ. ನಾನು ಇದನ್ನು ಮೊದಲೇ ನೋಡಿದ್ದರೆ ಮೊಣಕಾಲು ಉಳಿಯುತ್ತಿತ್ತು.

ಯಾರದ್ದು ಅಂತ ತಿಳಿದುಕೊಳ್ಳಿ

ಪಾಳು ಬಿದ್ದಿದೆ ಅಂದ ಮಾತ್ರಕ್ಕೆ ಯಾರದ್ದೂ ಅಲ್ಲ ಅಂತಲ್ಲ. ದಿಶಾಂಕ್ ಅಂತ ಸರ್ಕಾರದ ಆ್ಯಪ್ ಇದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರ್ ಹಿಡಿದು ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿ. ಊರ ನಡುವಿನ ಖಾತೆ ಜಾಗಗಳಿಗೆ ಇದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಎದುರಿನ ಟೀ ಅಂಗಡಿಯೇ ಗತಿ. ಒಂದು ಟೀ ಕುಡಿಯುವಷ್ಟರಲ್ಲಿ ಮಾಲೀಕರ ಮನೆ ಜಗಳದವರೆಗೆ ಎಲ್ಲ ಗೊತ್ತಾಗುತ್ತದೆ.

ಕಾನೂನು ಇಷ್ಟು. ಅಕ್ರಮ ಪ್ರವೇಶಕ್ಕೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಇದೆ. ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಟ್ಟಡದ ಒಳಗೆ ನುಗ್ಗಿದರೆ ಜೈಲು ಒಂದು ವರ್ಷದವರೆಗೂ ಹೋಗಬಹುದು. "ನನಗೆ ಕೆಟ್ಟ ಉದ್ದೇಶ ಇರಲಿಲ್ಲ, ಹಾಗಾಗಿ ಇದು ಅಪರಾಧವೇ ಅಲ್ಲ" ಅಂತ ವಾದಿಸುವವರಿದ್ದಾರೆ. ವಾದ ಸರಿಯೇ ಇರಬಹುದು. ಆದರೆ ಅದನ್ನು ಕೋರ್ಟಿನಲ್ಲಿ ಮಾಡಬೇಕು, ಅಲ್ಲಿಗೆ ಹೋಗುವ ದಾರಿ ಪೊಲೀಸ್ ಸ್ಟೇಷನ್ ಮೇಲೆ ಹಾದುಹೋಗುತ್ತದೆ. ರೈಲ್ವೆ ಜಾಗಕ್ಕೆ ಬೇರೆಯೇ ಕಾಯ್ದೆ: ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಿಲಿಟರಿ ಜಾಗದ ಕಡೆ ತಲೆ ಹಾಕಿಯೂ ಮಲಗಬೇಡಿ.

ಅನುಮತಿ ಕೇಳುವ ಪತ್ರ ಒಂದು ಪುಟ ಮೀರದಿರಲಿ. ಯಾರು, ಎಷ್ಟು ಜನ, ಯಾವ ದಿನ, ಎಷ್ಟು ಹೊತ್ತು, ಫೋಟೊ ಏನು ಮಾಡುತ್ತೀರಿ ಅಂತ ಬರೆಯಿರಿ. ಏನಾದರೂ ಆದರೆ ಹೊಣೆ ನಮ್ಮದೇ ಅನ್ನುವ ಸಾಲು ಮರೆಯಬೇಡಿ. ಮಾಲೀಕರಿಗೆ ಹೆದರಿಕೆ ಇರುವುದು ಅದೊಂದರದ್ದೇ. ಹತ್ತರಲ್ಲಿ ಏಳು ಪತ್ರಕ್ಕೆ ಉತ್ತರ ಬರುವುದಿಲ್ಲ, ಬಂದರೂ ಇಲ್ಲ ಅಂತಲೇ. ಇಲ್ಲ ಅಂದರೆ ಇಲ್ಲ. ರಸ್ತೆಯಿಂದಲೇ ಫೋಟೊ ತೆಗೆದು ಮುಂದಿನ ಜಾಗಕ್ಕೆ ಹೋಗಿ.

ಚೀಲದಲ್ಲಿ ಏನಿರಬೇಕು?

ದಪ್ಪ ಅಟ್ಟೆಯ ಶೂ, ತುಂಬು ತೋಳಿನ ಅಂಗಿ, ಜೀನ್ಸ್, ತೋಟದ ಕೆಲಸದ ಗ್ಲೌಸು. ತಲೆಗೆ ಕಟ್ಟುವ ಟಾರ್ಚ್ ಒಂದು, ಕೈಟಾರ್ಚ್ ಇನ್ನೊಂದು. ಮೊಬೈಲ್ ಟಾರ್ಚನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬೇಕಾಗುವುದು ಫೋನ್ ಮಾಡಲು. ಹೆಲ್ಮೆಟ್, ಸೀಟಿ, ನೀರು, ಬ್ಯಾಂಡೇಜು. ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿರಿ ನೋಡಿಕೊಳ್ಳಿ. ಒಬ್ಬರೇ ಹೋಗಬೇಡಿ, ಮೂರು ಜನ ಸರಿ: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜತೆ ಇರಬೇಕು, ಒಬ್ಬರು ಹೊರಗೆ ಓಡಬೇಕು. ಎಷ್ಟು ಗಂಟೆಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೊರಡಿ.

ಒಬ್ಬರೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಪ್ಯಾರಿಸ್ಸಿನ ಒಂದು ಕಥೆ ಇದೆ. ಅಲ್ಲಿ ಊರಿನಡಿ ಸುಮಾರು 300 ಕಿ.ಮೀ. ಹಳೆಯ ಕಲ್ಲುಗಣಿ ಸುರಂಗಗಳಿವೆ. ಜನ ಟಿಕೆಟ್ ಕೊಟ್ಟು ನೋಡುವುದು ಅದರಲ್ಲಿ ಸಣ್ಣ ಒಂದು ಭಾಗ. ಉಳಿದದ್ದಕ್ಕೆ ಇಳಿಯುವುದು 1955ರಿಂದ ನಿಷಿದ್ಧ. 1793ರಲ್ಲಿ ಫಿಲಿಬೆರ್ ಆಸ್ಪೇರ್ ಎಂಬಾತ ಒಬ್ಬನೇ ಕೆಳಗೆ ಇಳಿದ. ಅವನ ದೇಹ ಸಿಕ್ಕಿದ್ದು 1804ರಲ್ಲಿ. ಸೊಂಟದ ಬೀಗದ ಕೈ ನೋಡಿ ಗುರುತು ಹಿಡಿದರು ಅಂತ ಹೇಳುತ್ತಾರೆ. ಆತ ಆಸ್ಪತ್ರೆಯೊಂದರ ಬಾಗಿಲು ಕಾಯುವವನಾಗಿದ್ದನಂತೆ.

ಒಳಗೆ ಕಾಲಿಟ್ಟ ಮೇಲೆ

ಮೊದಲ ಐದು ನಿಮಿಷ ಸುಮ್ನೆ ನಿಂತುಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಬೇಕು, ಕಿವಿ ಸದ್ದಿಗೆ ಹೊಂದಬೇಕು. ನೀರು ತೊಟ್ಟಿಕ್ಕುತ್ತಿದೆಯಾ? ಝೇಂಕಾರ ಕೇಳುತ್ತಿದೆಯಾ?

ಝೇಂಕಾರ ಅಂದೆ. ನಮ್ಮ ಕಡೆ ಪಾಳು ಕಟ್ಟಡದಲ್ಲಿ ನನಗೆ ಹಾವಿಗಿಂತ ಜಾಸ್ತಿ ಭಯ ಹೆಜ್ಜೇನಿನದ್ದು. ನೀರಿನ ಟ್ಯಾಂಕಿನ ಅಡಿ, ಎತ್ತರದ ಸಜ್ಜಾದ ಕೆಳಗೆ ಮೊರದಷ್ಟು ಅಗಲದ ಹುಟ್ಟು ನೇತಾಡುತ್ತಿರುತ್ತದೆ. ಕಂಡರೆ ಫೋಟೊ ಆಸೆ ಬಿಟ್ಟು ಬಂದ ದಾರಿಯಲ್ಲೇ ಸದ್ದಿಲ್ಲದೆ ವಾಪಸ್ ಬನ್ನಿ. ಹಾವಿಗೆ ಕೋಲಿನಿಂದ ನೆಲ ತಟ್ಟುತ್ತಾ ನಡೆಯಿರಿ, ಹೆಚ್ಚಿನ ಸಲ ಅದೇ ಸರಿದುಹೋಗುತ್ತದೆ. ಕೈ ಹಾಕುವ ಮುಂಚೆ ಟಾರ್ಚ್ ಹಾಕಿ.

ನೆಲ ನಂಬಬೇಡಿ. ಬೆಂಗಳೂರು, ಮೈಸೂರಿನ ಹಳೆಯ ಬಂಗಲೆಗಳಲ್ಲಿ ಮದ್ರಾಸ್ ತಾರಸಿ ಸಾಮಾನ್ಯ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಮೇಲೆ ಗಾರೆ ಹಾಕಿರುತ್ತಾರೆ. ಗಾರೆ ಗಟ್ಟಿಯಾಗೇ ಕಾಣುತ್ತದೆ. ಒಳಗೆ ತೊಲೆಯನ್ನು ಗೆದ್ದಲು ತಿಂದಿರುತ್ತದೆ. ಅದಕ್ಕೆ ಮೊದಲು ಕೆಳಗಿನಿಂದ ಸೂರು ನೋಡಿ. ತೊಲೆ ಬಾಗಿದ್ದರೆ, ಗೋಡೆ ಸೇರುವ ತುದಿ ಕಪ್ಪಾಗಿದ್ದರೆ ಮೇಲೆ ಹತ್ತಲೇಬೇಡಿ. ಸಿಮೆಂಟ್ ಶೀಟಿನ ಛಾವಣಿ ಮೇಲಂತೂ ಯಾವತ್ತೂ ಕಾಲಿಡಬಾರದು. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಒಡೆದು ಪುಡಿಯಾಗಿ ಬಿದ್ದಿದ್ದರೆ ಆ ಕೋಣೆಯೇ ಬೇಡ. ಮೂಗಿಗೆ ಕರ್ಚೀಫು ಕಟ್ಟಿಕೊಂಡರೆ ಆ ಧೂಳು ನಿಲ್ಲುವುದಿಲ್ಲ.

ಸಂಪು, ಮ್ಯಾನ್‌ಹೋಲು, ಬಾವಿ, ಯಾವುದಕ್ಕೂ ಇಳಿಯಬೇಡಿ. ಅಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಜಾಸ್ತಿಯಾದರೆ ಮೂಗೇ ಮರಗಟ್ಟಿ ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯಿತು, ಗಾಳಿ ಸರಿಯಾಯಿತು ಅಂದುಕೊಳ್ಳುವ ಹೊತ್ತಿಗೆ ಕಥೆ ಮುಗಿದಿರುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುವುದು ಹೀಗೆಯೇ.

ಕೆಜಿಎಫ್ ಬಗ್ಗೆ ಒಂದು ಮಾತು. ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಸಿನಿಮಾ ನೋಡಿ ಅಲ್ಲಿಗೆ ಹೊರಡುವವರು ಜಾಸ್ತಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಗಣಿಗೆ ಇಳಿಯುವ ಬಾವಿಯಂಥ ಶಾಫ್ಟಿನ ಬೇಲಿ ದಾಟುವುದು ಹುಚ್ಚುತನ. ಸೈನೈಡ್ ದಿಬ್ಬಗಳು ಫೋಟೊದಲ್ಲಿ ಮರುಭೂಮಿ ಥರ ಚೆನ್ನಾಗಿ ಕಾಣುತ್ತವೆ, ಆದರೆ ಅದು ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಗಾಳಿ ಎದ್ದರೆ ಶ್ವಾಸಕೋಶಕ್ಕೇ ಹೋಗುತ್ತದೆ. ಇನ್ನೊಂದು, ಅದು ಪಾಳು ಊರಲ್ಲ. ಲೈನ್ ಮನೆಗಳಲ್ಲಿ ಗಣಿ ಕಾರ್ಮಿಕರ ಕುಟುಂಬಗಳು ಇನ್ನೂ ಇವೆ. ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಅವರ ಅಡುಗೆಮನೆ ಕಿಟಕಿಗೆ ಕ್ಯಾಮೆರಾ ಹಿಡಿದು "ಭೂತದ ಊರು" ಅಂತ ಹಾಕಬೇಡಿ.

ಗುರುತು ಓದುವುದು

ನನಗೆ ಈ ಹವ್ಯಾಸದಲ್ಲಿ ರುಚಿ ಹತ್ತಿದ್ದು ಇಲ್ಲಿ. ಕಟ್ಟಡ ತನ್ನ ವಯಸ್ಸನ್ನು ಅಲ್ಲಲ್ಲಿ ಬರೆದುಕೊಂಡಿರುತ್ತದೆ.

ಕೆಳಗೆ ಬಿದ್ದ ಹೆಂಚನ್ನು ತಿರುಗಿಸಿ ನೋಡಿ. ಬಾಸೆಲ್ ಮಿಷನ್, 1865 ಅಂತ ಅಚ್ಚು ಕಾಣಬಹುದು. ನೂರಾ ಅರವತ್ತು ವರ್ಷದ ಹೆಂಚು ಅಂತ ಕುಣಿಯಬೇಡಿ, ನಾನು ಒಮ್ಮೆ ಕುಣಿದು ನಗೆಪಾಟಲಾಗಿದ್ದೇನೆ. 1865 ಮಂಗಳೂರಿನಲ್ಲಿ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ವರ್ಷ. ಆಮೇಲೆ ಎಷ್ಟೋ ವರ್ಷ ಅದೇ ಅಚ್ಚು ಒತ್ತಿದರು. ಕಾಮನ್‌ವೆಲ್ತ್ ಟ್ರಸ್ಟ್ ಅಂತಿದ್ದರೆ ಅದು ಮೊದಲ ಮಹಾಯುದ್ಧದ ನಂತರದ್ದು, ಯಾಕೆಂದರೆ ಕಾರ್ಖಾನೆ ಆಗ ಅವರ ಕೈಗೆ ಹೋಯಿತು. ಕಬ್ಬಿಣದ ತೊಲೆಯ ಮೇಲೆ ಡಾರ್ಮನ್ ಲಾಂಗ್ ಅಂತಿದ್ದರೆ ಅದು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ಇಟ್ಟಿಗೆಯ ಮೇಲಿನ ಅಕ್ಷರ, ಸ್ವಿಚ್ಚಿನ ಆಕಾರ, ಗೋಡೆಯ ಕ್ಯಾಲೆಂಡರ್ ಎಲ್ಲವನ್ನೂ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಹೆಂಚನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ, ಇದ್ದಲ್ಲೇ ಇಡಿ. ಬಾವಲಿ ಇದ್ದರೆ ಫ್ಲ್ಯಾಶ್ ಬೇಡ. ಇಂಟರ್ನೆಟ್ಟಿಗೆ ಹಾಕುವಾಗ ಲೊಕೇಶನ್ ತೆಗೆದುಬಿಡಿ. ಮುಂದಿನ ವಾರ ತಾಮ್ರದ ವೈರು ಹುಡುಕುವವರು ಅದೇ ಫೋಟೊ ಹಿಡಿದು ಬರುತ್ತಾರೆ.

ಮನೆಗೆ ಬಂದ ರಾತ್ರಿಯೇ ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಿ. ಮರುದಿನಕ್ಕೆ ಯಾವ ಕೋಣೆ ಯಾವುದು ಅಂತ ಗೊಂದಲವಾಗುತ್ತದೆ.

ಮತ್ತು ಒಳಗೆ ಬಿಟ್ಟವರಿಗೆ ಫೋಟೊ ಪ್ರಿಂಟ್ ಹಾಕಿಸಿ ಕೊಡಿ. ವಾಟ್ಸ್ಆ್ಯಪ್ ಅಲ್ಲ, ಪ್ರಿಂಟ್. ಮೊಣಕಾಲು ವಾಸಿಯಾದ ಮೇಲೆ ನಾನು ಅದೇ ಕಾರ್ಖಾನೆಗೆ ಅನುಮತಿ ಪತ್ರ ಹಿಡಿದು ಹೋಗಿದ್ದೆ. ಕೆಳಗಿನ ಶೆಡ್ಡು ಮಾತ್ರ ನೋಡಬಹುದು, ಬಾಯ್ಲರ್ ರೂಮು ಬೇಡ ಅಂದಿದ್ದರು ತಾತ. ವಾರದ ನಂತರ ಹತ್ತು ಫೋಟೊ ಪ್ರಿಂಟ್ ಹಾಕಿಸಿ ಕೊಟ್ಟೆ. ಒಂದನ್ನು ತುಂಬ ಹೊತ್ತು ನೋಡಿದರು. ಖಾಲಿ ನೆಲ, ನಾಲ್ಕು ಬೋಲ್ಟು, ಅಷ್ಟೇ ಇದ್ದ ಫೋಟೊ. "ಇದು ನಂದೇ ಮಿಷಿನ್ ಜಾಗ, ಇಪ್ಪತ್ತೆರಡು ವರ್ಷ ಇಲ್ಲೇ ನಿಂತಿದ್ದೆ" ಅಂದರು. ಆಮೇಲೆ ಬೀಗದ ಗೊಂಚಲು ಕೈಗೆ ತಗೊಂಡರು. "ಭಾನುವಾರ ಬನ್ನಿ, ಬಾಯ್ಲರ್ ರೂಮು ತೋರಿಸ್ತೀನಿ. ಬ್ಯಾಟ್ರಿ ದೊಡ್ಡದು ತನ್ನಿ, ಅಲ್ಲಿ ಕರೆಂಟಿಲ್ಲ."