ಇಸಿ ಕ್ಲೀನ್ ಇತ್ತು, ಆದರೂ ಸಿಕ್ಕಿಬಿದ್ದೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಸಿಮೆಂಟ್ ಒಯ್ಯಲು ಬಂದವರೆಲ್ಲ ಸೈಟಿನ ಮಾತೇ ಆಡುತ್ತಿದ್ದರೆ ನಮಗೂ ಆಸೆ ಆಗುತ್ತೆ, ಅಲ್ವಾ? ಹದಡಿ ರಸ್ತೆ ಕಡೆ 30x40 ಸೈಟು, 18 ಲಕ್ಷ. "ಅಣ್ಣಾರೆ, ಇವತ್ತೇ ಟೋಕನ್ ಕೊಟ್ಬಿಡ್ರಿ, ನಾಳೆಗೆ ಇರಲ್ಲ" ಅಂದ ಬ್ರೋಕರ್. 2 ಲಕ್ಷ ಅಡ್ವಾನ್ಸ್ ಕೊಟ್ಟೆ.

ಆಸ್ತಿ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸುವ ಇಸಿ (ಋಣಭಾರ ಪತ್ರ) ತೆಗೆಸಿದ್ದೆ, ಅದರಲ್ಲಿ ಏನೂ ಇರಲಿಲ್ಲ. ಮೂರು ವಾರ ಆದ ಮೇಲೆ ಗೊತ್ತಾಯ್ತು, ಮಾರುವವರ ಅಕ್ಕ ಪಾಲು ಕೇಳಿ ಕೋರ್ಟಿಗೆ ಹೋಗಿದ್ದಾರೆ ಅಂತ. ಇಸಿಯಲ್ಲಿ ಬರುವುದು ರಿಜಿಸ್ಟರ್ ಆದ ವ್ಯವಹಾರ, ನಡೀತಿರೋ ಕೇಸು ಸಾಮಾನ್ಯವಾಗಿ ಅದರಲ್ಲಿ ಕಾಣಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನು ಬದಲಾಗಿದೆ, ನಾನು ಮಾತ್ರ ವಂಶವೃಕ್ಷ ಕೇಳಿರಲಿಲ್ಲ. ದುಡ್ಡು ವಾಪಸ್ ಬರಲು 14 ತಿಂಗಳು ಹಿಡಿಯಿತು, ಅದೂ ಕಂತು ಕಂತಾಗಿ. ಕೊನೆಯ 20 ಸಾವಿರಕ್ಕೆ ಅವರ ಮನೆ ಕಟ್ಟೆ ಮೇಲೆ ಎಷ್ಟು ಸಲ ಕೂತೆನೋ. ಪಾಪ, ಮನೆಯವರು ಪ್ರತಿ ಸಲ ಟೀ ಕೊಟ್ಟರು.

ಆಮೇಲೆ ರೇಟು ಏರುತ್ತಾ ಅಂತ ಕೇಳುವುದನ್ನು ಬಿಟ್ಟೆ. ನಾಳೆ ಆಸ್ಪತ್ರೆಗೆ ದುಡ್ಡು ಬೇಕಾದರೆ ಇದು ಎಷ್ಟು ದಿನದಲ್ಲಿ ಮಾರಾಟ ಆಗುತ್ತೆ ಅಂತ ನೋಡತೊಡಗಿದೆ. ಅದಕ್ಕೆ ಬ್ರೋಕರ್ ಬೇಡ, ಆ ಬೀದಿಯ ಗೂಡಂಗಡಿಯವರನ್ನು ಕೇಳಿದರೆ ಯಾವ ಸೈಟಿನ ಬೋರ್ಡು ಎರಡು ವರ್ಷದಿಂದ ಹಾಗೇ ನಿಂತಿದೆ ಅಂತ ಹೇಳುತ್ತಾರೆ. ಮಾರುವವರ ಹೆಸರು ಹಾಕಿ ಕೋರ್ಟುಗಳ ಸರ್ಕಾರಿ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಕೇಸು ಹುಡುಕುತ್ತೇನೆ, ಅದು ಪುಕ್ಕಟೆ. ಸಾಲ ಬೇಡ ಅಂದರೂ ಕಾಗದ ಬ್ಯಾಂಕಿಗೆ ತೋರಿಸುತ್ತೇನೆ. ಬ್ಯಾಂಕು ಸಾಲ ಕೊಡದ ಆಸ್ತಿಯನ್ನು ನಾಳೆ ನನ್ನಿಂದ ಕೊಳ್ಳುವವನು ಪೂರ್ತಿ ಕೈದುಡ್ಡು ತರಬೇಕು, ಅಂಥವರು ಕಮ್ಮಿ, ಬಂದರೂ ಚೌಕಾಸಿ ಜಾಸ್ತಿ.

ಆಮೇಲೆ 34 ಲಕ್ಷದ ಒಂದು ಹಳೇ ಮನೆ ಸಿಕ್ಕಿತು. ಬಾಡಿಗೆ 9,000. ವರ್ಷಕ್ಕೆ ಎರಡು ತಿಂಗಳು ಖಾಲಿ ಅಂತ ಹಿಡಿದೆ, ಕಂದಾಯ, ಬಣ್ಣ, ಮೋಟಾರು ರಿಪೇರಿಗೆ 15,000 ಕಳೆದೆ. ಉಳಿದಿದ್ದು 75,000, ಅಂದರೆ ನೂರಕ್ಕೆ ಎರಡು ರೂಪಾಯಿ ಚಿಲ್ಲರೆ. 10 ಲಕ್ಷ ಸಾಲ, 15 ವರ್ಷ, 9 ಪರ್ಸೆಂಟ್ ಆದರೆ ಕಂತು 10,143. ಬಡ್ಡಿ 11 ಆದರೆ 11,366. ಬಾಡಿಗೆಯಲ್ಲಿ ಉಳಿಯೋದು ತಿಂಗಳಿಗೆ 6,250, ಆಗ ಹೆಚ್ಚುಕಮ್ಮಿ 5,100 ಅಂಗಡಿಯಿಂದ ಹಾಕಬೇಕು. ಆಷಾಢದಲ್ಲಿ ಹೊಸ ಮನೆ ಕೆಲಸ ಶುರು ಮಾಡುವವರು ಕಮ್ಮಿ, ನನ್ನ ಗಲ್ಲಾಪೆಟ್ಟಿಗೆಯೂ ಖಾಲಿ. ಹಿಂದಿನ ಮೂರು ಆಷಾಢದ ಲೆಕ್ಕದ ಪುಸ್ತಕ ತೆಗೆದು ನೋಡಿದೆ. 5,100 ಕಷ್ಟಪಟ್ಟು ಹೊರಡುತ್ತೆ. ಅಷ್ಟು ಸಾಕು ಅಂತ ಹೂಂ ಅಂದೆ.

ಈ ಮನೆ ಮಾರುವವರ ತಂಗಿಯರು ಇಬ್ಬರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕಿದ ಮೇಲೇ ಡಿಡಿ ಕೈಗೆ ಕೊಟ್ಟೆ. ಒಬ್ಬರು ಹರಪನಹಳ್ಳಿಯಿಂದ ಬಂದಿದ್ದರು, ಬಸ್ ಚಾರ್ಜ್ ನಂದೇ.