ಅಮೆರಿಕದ ಪಶ್ಚಿಮ ವಿಸ್ತರಣೆಯನ್ನು ಭೂದಾಖಲೆಯ ಮೂಲಕ ಪಾಠ ಮಾಡುವ ಕ್ರಮ

ಅಮೆರಿಕದ ಪಶ್ಚಿಮ ವಿಸ್ತರಣೆಯನ್ನು ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಇಸವಿಗಳ ಪಟ್ಟಿಯಾಗಿ ಕಲಿಸಲಾಗುತ್ತದೆ. 1803ರಲ್ಲಿ ಫ್ರಾನ್ಸ್‌ನಿಂದ ಲೂಸಿಯಾನಾ ಖರೀದಿ, 1845ರಲ್ಲಿ ಟೆಕ್ಸಾಸ್ ಸೇರ್ಪಡೆ, 1846ರಲ್ಲಿ ಬ್ರಿಟನ್ ಜೊತೆ ಆರೆಗಾನ್ ಒಪ್ಪಂದ, 1848ರಲ್ಲಿ ಸೋತ ಮೆಕ್ಸಿಕೊದಿಂದ ಕ್ಯಾಲಿಫೋರ್ನಿಯಾ. ವಿದ್ಯಾರ್ಥಿಗಳು ಇವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಆ ನೆಲದಲ್ಲಿ ಆಗಲೇ ಬದುಕುತ್ತಿದ್ದವರು ಯಾರು, ಅದು ಅವರ ಕೈತಪ್ಪಿದ್ದು ಯಾವ ಕಾಗದದಿಂದ, ಆ ಕಾಗದಕ್ಕೆ ಸಹಿ ಹಾಕಿದವರು ಯಾರು ಎಂಬ ಪ್ರಶ್ನೆಗಳು ತರಗತಿಗೆ ಬರುವುದೇ ಇಲ್ಲ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇತಿಹಾಸ ಅಧ್ಯಾಪಕರಿಗೆ ಈ ಕೊರತೆಯನ್ನು ತುಂಬಲು ಒಂದು ವಿಶೇಷ ಅನುಕೂಲವಿದೆ. ಇಲ್ಲಿನ ಬಹುತೇಕ ವಿದ್ಯಾರ್ಥಿಗಳು ಪಹಣಿ, ಪೋಡಿ, ದರಖಾಸ್ತು, ಸಾಗುವಳಿ ಚೀಟಿ ಎಂಬ ಮಾತುಗಳನ್ನು ಮನೆಯ ಜಗುಲಿಯಲ್ಲೇ ಕೇಳಿ ಬೆಳೆದವರು. ಪಶ್ಚಿಮ ವಿಸ್ತರಣೆಯು ಮೂಲತಃ ಭೂಮಿಯ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾದ ಕಥೆಯಾದ್ದರಿಂದ, ಅದನ್ನು ಭೂದಾಖಲೆಯಾಗಿಯೇ ಓದಿಸುವುದು ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ತರಗತಿಗೆ ನಿಮ್ಮ ಊರಿನ ಗ್ರಾಮ ನಕ್ಷೆಯ ಒಂದು ಪ್ರತಿಯನ್ನೂ, ಹೆಸರುಗಳನ್ನು ಮರೆಮಾಡಿದ ಒಂದು ಪಹಣಿಯನ್ನೂ ತೆಗೆದುಕೊಂಡು ಹೋಗಬೇಕು. ಅವುಗಳ ಪಕ್ಕದಲ್ಲಿ ಒಹಾಯೊ ಅಥವಾ ನೆಬ್ರಾಸ್ಕಾದ ಒಂದು ಟೌನ್‌ಶಿಪ್ಪಿನ ನಕ್ಷೆಯನ್ನು ಇಟ್ಟು, ಎರಡರ ನಡುವೆ ಏನು ವ್ಯತ್ಯಾಸ ಕಾಣುತ್ತದೆ ಎಂದು ಕೇಳಬೇಕು. ನಮ್ಮ ಗ್ರಾಮ ನಕ್ಷೆಯ ಗೆರೆಗಳು ಹಳ್ಳ, ಕೆರೆ ಏರಿ, ಗದ್ದೆ ಬದು, ಬಂಡಿದಾರಿಗಳನ್ನು ಅನುಸರಿಸಿ ಡೊಂಕಾಗಿ ಸಾಗುತ್ತವೆ, ಏಕೆಂದರೆ ಜನ ಉಳುತ್ತಿದ್ದ ನೆಲವನ್ನು ಆಮೇಲೆ ಅಳೆದು ನಂಬರು ಕೊಡಲಾಯಿತು. ಅಮೆರಿಕದ ನಕ್ಷೆ ಪೂರ್ತಿ ಚೌಕಗಳಿಂದ ತುಂಬಿದೆ. 1785ರ ಭೂ ಸುಗ್ರೀವಾಜ್ಞೆಯ ಪ್ರಕಾರ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದು ಟೌನ್‌ಶಿಪ್. ಅದರೊಳಗೆ ತಲಾ 640 ಎಕರೆಯ 36 ಸೆಕ್ಷನ್‌ಗಳು. ಅವುಗಳಲ್ಲಿ 16ನೆಯದು ಶಾಲೆಗೆ ಮೀಸಲು. ಅಲ್ಲಿ ಮೊದಲು ಗೆರೆ ಎಳೆದು, ಆಮೇಲೆ ಮಾರಿ, ಕೊನೆಗೆ ಉಳುವವನನ್ನು ಕರೆತರಲಾಯಿತು. ನೆಲವನ್ನು ಕಣ್ಣಿನಿಂದ ನೋಡದವನೂ ದೂರದ ಪಟ್ಟಣದಲ್ಲಿ ಕುಳಿತು ಅದನ್ನು ಕೊಳ್ಳಬಹುದಾಗಿತ್ತು. ಬೆಟ್ಟ, ನದಿಗಳನ್ನು ಲೆಕ್ಕಿಸದ ಈ ಚೌಕಗಳು ಮೂಲನಿವಾಸಿಗಳ ಊರು, ಬೇಟೆಯ ನೆಲ, ಸಮಾಧಿ ಯಾವುದನ್ನೂ ಗುರುತಿಸಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ನಕ್ಷೆಯಿಂದಲೇ ಕಂಡುಕೊಳ್ಳಬೇಕು.

ಅಳತೆಯ ಒಂದು ಲೆಕ್ಕವನ್ನೂ ಇಲ್ಲೇ ಮಾಡಿಸಬಹುದು. ಅಮೆರಿಕದ ಸರ್ವೆಯವರು ಬಳಸಿದ ಸರಪಳಿ 66 ಅಡಿ. ಅದರ ಅರ್ಧ 33 ಅಡಿ. 33 ಅಡಿ ಚದರವೇ ನಮ್ಮ ಒಂದು ಗುಂಟೆ, ಅಂತಹ 40 ಗುಂಟೆಗೆ ಒಂದು ಎಕರೆ. ಅಳತೆಯ ಮೂಲ ಎರಡೂ ಕಡೆ ಇಂಗ್ಲಿಷರದೇ ಆದ್ದರಿಂದ 160 ಎಕರೆ ಎಂದರೆ ಎಷ್ಟು ಎಂಬುದನ್ನು ನಮ್ಮ ಮಕ್ಕಳು ಬೇರೆ ಯಾರಿಗಿಂತಲೂ ಸುಲಭವಾಗಿ ಊಹಿಸಬಲ್ಲರು. ಮೂಡಿಗೆರೆಯಲ್ಲಿ ಎರಡು ಮೂರು ಎಕರೆ ಕಾಫಿ ಇರುವ ಮನೆಯ ವಿದ್ಯಾರ್ಥಿಗೆ 160 ಎಕರೆ ದೊಡ್ಡ ಎಸ್ಟೇಟಿನ ವಿಸ್ತೀರ್ಣ.

ಇನ್ನು ಪಹಣಿಗೆ ಬರೋಣ. ಅದರ 9ನೆಯ ಕಲಂನಲ್ಲಿ ಮಾಲೀಕನ ಹೆಸರು, 12ನೆಯ ಕಲಂನಲ್ಲಿ ಸಾಗುವಳಿಯ ವಿವರ ಇರುತ್ತದೆ. ಈ ಎರಡು ಕಲಂಗಳು ಒಂದಕ್ಕೊಂದು ಹೊಂದದಿದ್ದಾಗ ಏನೇನಾಗುತ್ತದೆ ಎಂಬುದನ್ನು ನಮ್ಮ ತಾಲ್ಲೂಕು ಕಚೇರಿಗಳ ಪಡಸಾಲೆಯಲ್ಲಿ ಎಲ್ಲರೂ ನೋಡಿದ್ದಾರೆ. ಪಶ್ಚಿಮ ವಿಸ್ತರಣೆಯ ಪ್ರತಿಯೊಂದು ಒಪ್ಪಂದ ಮತ್ತು ಕಾನೂನನ್ನು ಖಾತೆ ಬದಲಾವಣೆಯ ಒಂದೊಂದು ಮ್ಯುಟೇಷನ್‌ನಂತೆ ಓದಿಸಿ, 9ನೆಯ ಕಲಂನಲ್ಲಿ ಯಾರ ಹೆಸರು ಬಂತು, ಆ ಹೊತ್ತಿಗೆ 12ನೆಯ ಕಲಂನಲ್ಲಿ ಯಾರಿದ್ದರು ಎಂದು ಕೇಳುತ್ತಾ ಹೋಗುವುದೇ ಈ ಪಾಠದ ಬೆನ್ನೆಲುಬು. ಕಪ್ಪು ಹಲಗೆಯ ಮೇಲೆ ಈ ಎರಡು ಕಲಂಗಳನ್ನು ಬರೆದು, ಅಧ್ಯಾಯ ಮುಗಿಯುವವರೆಗೆ ಅಳಿಸದೆ ಉಳಿಸಿಕೊಂಡರೆ ಒಳ್ಳೆಯದು.

ಮೊದಲು ತುಂಬಿಸಬೇಕಾದ ಸಾಲು ಆಗ್ನೇಯ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರದು. ಇದಕ್ಕೆ ಒಂದು ಪೂರ್ತಿ ಅವಧಿಯನ್ನು ಕೊಡಬೇಕೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಮೂಲನಿವಾಸಿಗಳು ಅಲೆಮಾರಿಗಳಾಗಿದ್ದರು, ಕೃಷಿ ತಿಳಿಯದವರಾಗಿದ್ದರು, ಆದ್ದರಿಂದ ನೆಲ ಖಾಲಿಯಾಗಿತ್ತು ಎಂಬ ತಪ್ಪು ಕಲ್ಪನೆ ಇಲ್ಲಿ ಬೇರುಸಹಿತ ಹೋಗುತ್ತದೆ. ಚೆರೋಕಿಗಳಿಗೆ ಹೊಲ, ತೋಟ, ಗಿರಣಿಗಳಿದ್ದವು. ಸೆಕ್ವೋಯ ಎಂಬಾತ 1821ರ ಹೊತ್ತಿಗೆ ಅವರ ನುಡಿಗೆ ಲಿಪಿ ರೂಪಿಸಿದ್ದ. 1827ರಲ್ಲಿ ಅವರು ತಮ್ಮದೇ ಲಿಖಿತ ಸಂವಿಧಾನವನ್ನು ಅಂಗೀಕರಿಸಿದರು. 1828ರಲ್ಲಿ ‘ಚೆರೋಕಿ ಫೀನಿಕ್ಸ್’ ಪತ್ರಿಕೆ ಆರಂಭವಾಯಿತು. ಅದೇ ವೇಳೆಗೆ ಜಾರ್ಜಿಯಾದಲ್ಲಿ ಚಿನ್ನ ಸಿಕ್ಕಿತು. 1830ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮೂಲನಿವಾಸಿಗಳನ್ನು ಮಿಸ್ಸಿಸಿಪ್ಪಿಯ ಪಶ್ಚಿಮಕ್ಕೆ ಸಾಗಿಸುವ ಕಾನೂನಿಗೆ ಸಹಿ ಹಾಕಿದ. 1832ರಲ್ಲಿ ವೂಸ್ಟರ್ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರು ಚೆರೋಕಿ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯದು ಎಂದು ತೀರ್ಪು ಕೊಟ್ಟರು. ಅದೇ ವರ್ಷ ಜಾರ್ಜಿಯಾ ರಾಜ್ಯವು ಆ ನೆಲವನ್ನು ತುಂಡುಗಳಾಗಿ ಅಳೆಸಿ, ಚೆರೋಕಿಗಳು ಇನ್ನೂ ಅದರ ಮೇಲೆ ವಾಸವಾಗಿರುವಾಗಲೇ ಬಿಳಿಯ ಪ್ರಜೆಗಳಿಗೆ ಲಾಟರಿ ಎತ್ತಿ ಹಂಚಿತು. ಎರಡು ಕಲಂಗಳ ನಡುವಣ ಅಂತರ ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಇನ್ನೊಂದು ಉದಾಹರಣೆ ನನಗೆ ತಿಳಿದಿಲ್ಲ.

ಮುಂದಿನ ಕಾಗದ 1835ರ ಡಿಸೆಂಬರಿನ ನ್ಯೂ ಎಕೋಟಾ ಒಪ್ಪಂದ. ಅದಕ್ಕೆ ಸಹಿ ಹಾಕಿದವರು ಒಂದು ಸಣ್ಣ ಗುಂಪಿನವರು. ಚುನಾಯಿತ ಮುಖ್ಯಸ್ಥ ಜಾನ್ ರಾಸ್ ಮತ್ತು ಚೆರೋಕಿ ಮಂಡಳಿ ಅದನ್ನು ಒಪ್ಪಲಿಲ್ಲ, ಸಾವಿರಾರು ಜನ ಸಹಿ ಹಾಕಿದ ಮನವಿ ವಾಷಿಂಗ್ಟನ್‌ಗೆ ಹೋಯಿತು. ಆದರೂ ಸೆನೆಟ್ ಒಂದೇ ಮತದ ಅಂತರದಲ್ಲಿ ಒಪ್ಪಂದವನ್ನು ಮಂಜೂರು ಮಾಡಿತು. 1838ರಲ್ಲಿ ಸೈನಿಕರು ಮನೆಮನೆಗೆ ಹೋಗಿ ಜನರನ್ನು ಹೊರಡಿಸಿದರು. ಇಂದಿನ ಓಕ್ಲಹೋಮಾದವರೆಗಿನ ಆ ‘ಕಣ್ಣೀರಿನ ಹಾದಿ’ಯಲ್ಲಿ ಹೊರಟ ಸುಮಾರು 16,000 ಜನರಲ್ಲಿ ಶಿಬಿರಗಳಲ್ಲೂ ದಾರಿಯಲ್ಲೂ ಸತ್ತವರು ಸುಮಾರು 4,000 ಎಂದು ಅಂದಾಜು.

ಎರಡನೆಯ ಸಾಲು ವಲಸೆಗಾರನದು. ಇಲ್ಲಿ ನಮ್ಮ ಬಗರ್ ಹುಕುಂ (ಅನುಮತಿಯಿಲ್ಲದೆ ಸರ್ಕಾರಿ ನೆಲದಲ್ಲಿ ಮಾಡುವ) ಸಾಗುವಳಿಯ ತಿಳಿವಳಿಕೆ ಬಹಳ ಉಪಯೋಗಕ್ಕೆ ಬರುತ್ತದೆ. ಕೊಳ್ಳುವ ಮೊದಲೇ ಕಾಡಿಗೆ ನುಗ್ಗಿ ಗುಡಿಸಲು ಹಾಕಿ ಉಳತೊಡಗಿದವರಿಗೆ 1841ರ ಕಾನೂನು, ಹರಾಜಿಗೂ ಮುಂಚೆ ಎಕರೆಗೆ 1.25 ಡಾಲರಿನಂತೆ 160 ಎಕರೆಯವರೆಗೆ ಕೊಳ್ಳುವ ಹಕ್ಕನ್ನು ಕೊಟ್ಟಿತು. ಬಗರ್ ಹುಕುಂ ಸಕ್ರಮದ ನಮೂನೆ 50, 53, 57 ಎಂಬ ಅರ್ಜಿಗಳನ್ನು ಮನೆಯಲ್ಲಿ ಕಂಡಿರುವ ವಿದ್ಯಾರ್ಥಿಗೆ ಈ ಕಾನೂನಿನ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅಧ್ಯಾಪಕರು ತಕ್ಷಣವೇ ಹೇಳಬೇಕು. ನಮ್ಮಲ್ಲಿ ಬಗರ್ ಹುಕುಂ ಅರ್ಜಿ ಹಾಕುವವರು ಬಹುತೇಕ ಅದೇ ಊರಿನ, ಅದೇ ನಾಡಿನ ಸಣ್ಣ ರೈತರು. ಅಲ್ಲಿ ನುಗ್ಗಿದವರ ಬೆನ್ನಿಗೆ ಸೈನ್ಯವಿತ್ತು, ಎದುರಿಗೆ ಬೇರೊಂದು ಜನಾಂಗದ ನೆಲವಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದಿಗೆ (ಇಂದಿನ ಸಕಲೇಶಪುರ ಸೀಮೆಗೆ) ಬಂದ ಯುರೋಪಿಯನ್ ಕಾಫಿ ಪ್ಲಾಂಟರುಗಳ ಜೊತೆ ಹೋಲಿಸುವ ಆಸೆಯೂ ಹುಟ್ಟುತ್ತದೆ; ಅದೂ ಅರ್ಧದಷ್ಟೇ ಸರಿ, ಏಕೆಂದರೆ ಅವರು ತೋಟ ಮಾಡಿದರೇ ಹೊರತು ಇಲ್ಲಿನ ಜನರ ಬದಲಿಗೆ ತಮ್ಮ ಜನರನ್ನು ತಂದು ನಾಡನ್ನು ತುಂಬಲಿಲ್ಲ.

1862ರ ಹೋಮ್‌ಸ್ಟೆಡ್ ಕಾನೂನನ್ನು ಷರತ್ತು ಷರತ್ತಾಗಿ ಓದಿಸಬೇಕು. ಕುಟುಂಬದ ಯಜಮಾನ ಅಥವಾ 21 ವರ್ಷ ತುಂಬಿದ ವ್ಯಕ್ತಿ ಅರ್ಜಿ ಹಾಕಬಹುದು. ಒಂಟಿ ಮಹಿಳೆಯರಿಗೂ ವಿಧವೆಯರಿಗೂ ಅವಕಾಶವಿತ್ತು. ಸಣ್ಣ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿ, ಇಬ್ಬರು ಸಾಕ್ಷಿಗಳನ್ನು ಕರೆತಂದರೆ 160 ಎಕರೆಯ ಹಕ್ಕುಪತ್ರ ಸಿಗುತ್ತಿತ್ತು. ಈ ಕಾನೂನಿನ ಅಡಿಯಲ್ಲಿ ಕಾಲಕ್ರಮದಲ್ಲಿ ಹಂಚಿಕೆಯಾದದ್ದು ಸುಮಾರು 27 ಕೋಟಿ ಎಕರೆ, ಅಂದರೆ ದೇಶದ ಒಟ್ಟು ನೆಲದ ಸುಮಾರು ಹತ್ತನೆಯ ಒಂದು ಭಾಗ. ಅರ್ಜಿದಾರ ಅಮೆರಿಕದ ಪ್ರಜೆಯಾಗಿರಬೇಕು ಅಥವಾ ಪ್ರಜೆಯಾಗುವ ಇಚ್ಛೆಯನ್ನು ಘೋಷಿಸಿರಬೇಕು ಎಂಬ ಒಂದೇ ಷರತ್ತಿನಿಂದ ಚೀನೀಯರೂ ಬಹುಪಾಲು ಮೂಲನಿವಾಸಿಗಳೂ ಹೊರಗುಳಿದರು ಎಂಬುದನ್ನು ವಿದ್ಯಾರ್ಥಿಗಳೇ ಗುರುತಿಸುವಂತೆ ಪ್ರಶ್ನೆ ಕೇಳಬೇಕು. ಅಮೆರಿಕ ಸರ್ಕಾರದ ಭೂ ನಿರ್ವಹಣಾ ಇಲಾಖೆಯು ಹಳೆಯ ಹಕ್ಕುಪತ್ರಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಅಂತಹ ಒಂದು ಪತ್ರವನ್ನು ಪರದೆಯ ಮೇಲೆ ತೋರಿಸಿ, ಅದರಲ್ಲಿನ ಸೆಕ್ಷನ್, ಟೌನ್‌ಶಿಪ್, ರೇಂಜ್ (ಉತ್ತರ-ದಕ್ಷಿಣದ ಟೌನ್‌ಶಿಪ್ ಸಾಲು) ಸಂಖ್ಯೆಗಳಿಂದ ಜಾಗವನ್ನು ನಕ್ಷೆಯಲ್ಲಿ ಹುಡುಕಿಸಬಹುದು.

ಉದಾಹರಣೆಗೆ ನೆಬ್ರಾಸ್ಕಾದ ಬಿಯಾಟ್ರಿಸ್ ಬಳಿಯ ಡೇನಿಯಲ್ ಫ್ರೀಮನ್‌ನ ಜಮೀನನ್ನು ತೆಗೆದುಕೊಳ್ಳಬಹುದು. ಕಾನೂನು ಜಾರಿಗೆ ಬಂದ 1863ರ ಜನವರಿ 1ರಂದೇ ಅರ್ಜಿ ಹಾಕಿದವರಲ್ಲಿ ಆತನೂ ಒಬ್ಬ. ಆ ಜಾಗ ಇಂದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿದೆ. ಅಲ್ಲಿಗೆ ಪಾಠವನ್ನು ನಿಲ್ಲಿಸದೆ, ಒಂದು ಮ್ಯುಟೇಷನ್ ಹಿಂದಕ್ಕೆ ಹೋಗಬೇಕು. ಓಟೊ ಮತ್ತು ಮಿಸ್ಸೂರಿಯಾ ಜನರು 1854ರ ಒಪ್ಪಂದದಲ್ಲಿ ಆ ಸೀಮೆಯ ತಮ್ಮ ನೆಲವನ್ನು ಬಿಟ್ಟುಕೊಟ್ಟು, ಬಿಗ್ ಬ್ಲೂ ನದಿಯ ದಂಡೆಯ ಮೀಸಲು ಪ್ರದೇಶಕ್ಕೆ ಸರಿದಿದ್ದರು. 1880ರ ದಶಕದ ಆರಂಭದಲ್ಲಿ ಅಲ್ಲಿಂದಲೂ ಓಕ್ಲಹೋಮಾದ ಕಡೆಗೆ ಸಾಗಿಸಲ್ಪಟ್ಟರು.

ಮಳೆಯ ಪಾಠವನ್ನು ತರಗತಿಯ ಹೊರಗೆ ಮಾಡುವುದು ಸಾಧ್ಯವಿದ್ದರೆ ಹಾಗೆಯೇ ಮಾಡಬೇಕು. ಸಕಲೇಶಪುರದಿಂದ ಹಾಸನದ ಮೇಲೆ ಅರಸೀಕೆರೆಗೆ ರೈಲಿನಲ್ಲಿ ಹೋದರೆ ಕಾಫಿ, ಏಲಕ್ಕಿಗಳ ಮಲೆನಾಡು ಮುಗಿದು, ಜೋಳ, ಆಲೂಗೆಡ್ಡೆಯ ಹೊಲಗಳು ಬಂದು, ಕೊನೆಗೆ ರಾಗಿ ಮತ್ತು ತೆಂಗಿನ ಬಯಲುಸೀಮೆ ಕಾಣುತ್ತದೆ. ಸಕಲೇಶಪುರದ ವಾರ್ಷಿಕ ಮಳೆ 2,000 ಮಿ.ಮೀ. ಮೀರಿದರೆ ಅರಸೀಕೆರೆಯಲ್ಲಿ ಅದರ ಅರ್ಧವೂ ಇಲ್ಲ. ಸಕಲೇಶಪುರದ ಎರಡು ಎಕರೆಯೂ ಅರಸೀಕೆರೆಯ ಎರಡು ಎಕರೆಯೂ ಒಂದೇ ಅಲ್ಲ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಹೇಳದೆಯೇ ಗೊತ್ತು. ವಾಷಿಂಗ್ಟನ್ನಿನ ಶಾಸಕರಿಗೆ ಅದನ್ನು ಹೇಳಿದರೂ ಹಿಡಿಸಲಿಲ್ಲ. ಅಮೆರಿಕದಲ್ಲಿ ಸುಮಾರು ನೂರನೆಯ ರೇಖಾಂಶದ ಪಶ್ಚಿಮಕ್ಕೆ ಬಹುಪಾಲು ಕಡೆ ವರ್ಷಕ್ಕೆ 20 ಇಂಚಿಗಿಂತ, ಅಂದರೆ ಸುಮಾರು 500 ಮಿ.ಮೀ.ಗಿಂತ ಕಡಿಮೆ ಮಳೆ. ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ತನ್ನ ವರದಿಯಲ್ಲಿ, ಅಲ್ಲಿ ನೀರಾವರಿ ಇಲ್ಲದೆ ಬೇಸಾಯ ನಿಲ್ಲದು, ಮೇವಿನ ನೆಲವಾದರೆ ಒಂದು ಕುಟುಂಬಕ್ಕೆ 2,560 ಎಕರೆ ಬೇಕು, ಗಡಿಗಳು ನೀರನ್ನು ಅನುಸರಿಸಬೇಕು ಎಂದು ವಿವರಿಸಿದ್ದ. ಆದರೆ ನೇಗಿಲು ಹೋದಲ್ಲಿಗೆ ಮಳೆಯೂ ಬರುತ್ತದೆ ಎಂಬ ನಂಬಿಕೆಯನ್ನು ಭೂಮಿ ಮಾರುವವರು ಹಬ್ಬಿಸಿದ್ದರು. ಚೌಕಗಳು ಹಾಗೆಯೇ ಪಶ್ಚಿಮಕ್ಕೆ ಸರಿದವು, ಹುಲ್ಲುಗಾವಲು ಸೀಳಿತು, 1930ರ ದಶಕದ ಬರದಲ್ಲಿ ಆ ಮಣ್ಣು ಧೂಳಾಗಿ ಎದ್ದು ಲಕ್ಷಾಂತರ ಜನ ಊರು ಬಿಟ್ಟರು.

ರೈಲು, ಎಮ್ಮೆ, ದನಗಳ ವಿಷಯವನ್ನು ಬೇಗ ಮುಗಿಸಬಹುದು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಹಳಿಗಳು ಕೂಡಿದವು. ಪಶ್ಚಿಮ ಬದಿಯ ದಾರಿಯನ್ನು ಕಡಿದವರಲ್ಲಿ ಬಹುಪಾಲು ಚೀನೀ ಕಾರ್ಮಿಕರು, ಅವರ ದೇಶದ ಕಾರ್ಮಿಕರ ಪ್ರವೇಶವನ್ನೇ 1882ರ ಕಾನೂನು ತಡೆಯಿತು. ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳು, ಅಂದರೆ ಬೈಸನ್‌ಗಳು, 1880ರ ದಶಕದ ಕೊನೆಗೆ ಕೆಲವೇ ನೂರಕ್ಕೆ ಇಳಿದವು. ಅವುಗಳೊಂದಿಗೆ ಬಯಲಿನ ಜನಾಂಗಗಳ ಅನ್ನವೂ ಹೋಯಿತು. ಕೌಬಾಯ್ ಚಿತ್ರದ ತುಣುಕಿನಿಂದ ಪಾಠ ಆರಂಭಿಸಬಾರದೆಂದು ನನ್ನ ಸಲಹೆ. ದೂರದೂರಕ್ಕೆ ದನ ಹೊಡೆದುಕೊಂಡು ಹೋದ ಆ ಕಾಲ ಸುಮಾರು ಇಪ್ಪತ್ತು ವರ್ಷದ್ದು ಮಾತ್ರ.

ಮತ್ತೆ ನಿಧಾನವಾಗಿ ಓದಬೇಕಾದದ್ದು 1887ರ ಡಾಸ್ ಕಾನೂನು. ಸಮುದಾಯವೆಲ್ಲ ಕೂಡಿ ಅನುಭವಿಸುತ್ತಿದ್ದ ಮೀಸಲು ನೆಲವನ್ನು ಅದು ಕುಟುಂಬಕ್ಕೆ 160 ಎಕರೆಯಂತೆ ಪೋಡಿ ಮಾಡಿ, ಉಳಿದದ್ದನ್ನು ಹೆಚ್ಚುವರಿ ಎಂದು ಹೊರಗಿನವರಿಗೆ ತೆರೆಯಿತು. 1887ರಲ್ಲಿ ಮೂಲನಿವಾಸಿಗಳ ಕೈಯಲ್ಲಿದ್ದ 13.8 ಕೋಟಿ ಎಕರೆ 1934ರ ಹೊತ್ತಿಗೆ ಸುಮಾರು 4.8 ಕೋಟಿಗೆ ಕುಗ್ಗಿತ್ತು. ಈ ಕಾನೂನನ್ನು ತಂದವರಲ್ಲಿ ಅನೇಕರು ತಾವು ಮೂಲನಿವಾಸಿಗಳ ಹಿತೈಷಿಗಳೆಂದೇ ನಂಬಿದ್ದರು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಊರಿನ ಗೋಮಾಳವನ್ನು ಮನೆಗೊಂದು ತುಂಡಿನಂತೆ ಹಂಚಿದರೆ ಹತ್ತು ವರ್ಷದ ನಂತರ ಅದು ಯಾರ ಕೈಯಲ್ಲಿರುತ್ತದೆ ಎಂದು ಕೇಳಿದರೆ ವಿದ್ಯಾರ್ಥಿಗಳು ಬಹಳ ಗಂಭೀರವಾಗಿ ಚರ್ಚಿಸುತ್ತಾರೆ.

ಪರಿಹಾರದ ಪ್ರಶ್ನೆಗೆ ಬ್ಲ್ಯಾಕ್ ಹಿಲ್ಸ್ ಪ್ರಕರಣವನ್ನು ಬಳಸಬೇಕು. 1868ರ ಫೋರ್ಟ್ ಲಾರಮಿ ಒಪ್ಪಂದವು ಆ ಬೆಟ್ಟಗಳನ್ನು ಸೂ ಮೂಲನಿವಾಸಿಗಳಲ್ಲಿ ಸೇರಿದ ಲಕೋಟಾ ಜನರಿಗೆ ಉಳಿಸಿತ್ತು. ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಸಹಿ ಹಾಕದೆ ಮುಂದೆ ಯಾವ ನೆಲವನ್ನೂ ಪಡೆಯುವಂತಿಲ್ಲ ಎಂದೂ ಅದರಲ್ಲಿ ಬರೆದಿತ್ತು. 1874ರಲ್ಲಿ ಚಿನ್ನ ಸಿಕ್ಕಿತು, 1877ರಲ್ಲಿ ಆ ಪ್ರಮಾಣದ ಸಹಿಗಳಿಲ್ಲದೆಯೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಬೆಟ್ಟಗಳನ್ನು ವಶಪಡಿಸಿಕೊಂಡಿತು. 1980ರಲ್ಲಿ ಸುಪ್ರೀಂ ಕೋರ್ಟ್ ಬಡ್ಡಿ ಸೇರಿ ಹತ್ತು ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರವನ್ನು ಎತ್ತಿಹಿಡಿಯಿತು. ಬೆಟ್ಟಗಳು ಮಾರಾಟಕ್ಕಿಲ್ಲ ಎಂದು ಲಕೋಟಾ ಮತ್ತು ಇತರ ಸೂ ಜನರು ಆ ಹಣವನ್ನು ಇಂದಿಗೂ ತೆಗೆದುಕೊಂಡಿಲ್ಲ. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಊರು ಮುಳುಗಿದ ಕುಟುಂಬಗಳ ಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು. ಅವರ ಮನೆಯ ಅನುಭವವನ್ನು ಎಲ್ಲರೆದುರು ಹೇಳಿಸುವ ಮೊದಲು ಅವರ ಒಪ್ಪಿಗೆ ಕೇಳಬೇಕು, ಮತ್ತು ಅಣೆಕಟ್ಟಿನ ಸ್ಥಳಾಂತರವೂ ಒಂದು ಜನಾಂಗವನ್ನೇ ಹೊರದಬ್ಬಿದ್ದೂ ಬೇರೆ ಬೇರೆ ಎಂಬ ಎಚ್ಚರವನ್ನು ಕೊಡಬೇಕು.

ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ 1893ರಲ್ಲಿ ಷಿಕಾಗೊದಲ್ಲಿ ಮಂಡಿಸಿದ ವಾದವನ್ನು, ಅಂದರೆ ಪಶ್ಚಿಮದ ಖಾಲಿ ನೆಲವೇ ಅಮೆರಿಕದ ಪ್ರಜಾಪ್ರಭುತ್ವವನ್ನು ರೂಪಿಸಿತು ಎಂಬುದನ್ನು, ಎಲ್ಲಕ್ಕಿಂತ ಕೊನೆಯಲ್ಲಿ ಇಡಬೇಕು. ಮೊದಲೇ ಹೇಳಿದರೆ ವಿದ್ಯಾರ್ಥಿಗಳು ಅದನ್ನು ಸತ್ಯವೆಂದು ಬರೆದುಕೊಳ್ಳುತ್ತಾರೆ. ಹಲಗೆಯ ಮೇಲೆ 12ನೆಯ ಕಲಂ ತುಂಬಿದ ಮೇಲೆ ಹೇಳಿದರೆ ‘ಖಾಲಿ’ ಎಂದು ಹೇಳಲು ಏನು ಆಧಾರವಿತ್ತು ಎಂದು ತಾವೇ ಕೇಳುತ್ತಾರೆ.

ಮೌಲ್ಯಮಾಪನಕ್ಕೆ ಇಸವಿಗಳ ಪ್ರಶ್ನೆಪತ್ರಿಕೆಯ ಜೊತೆಗೆ ಒಂದು ಬರವಣಿಗೆಯನ್ನು ಕೊಡಬಹುದು. ಬಿಯಾಟ್ರಿಸ್‌ನ ಆ 160 ಎಕರೆಗೆ 1850ರಿಂದ 1890ರವರೆಗಿನ ಪಹಣಿಯನ್ನು ಬರೆದು, ಪ್ರತಿ ಬದಲಾವಣೆಗೂ ಯಾವ ಒಪ್ಪಂದ ಅಥವಾ ಕಾನೂನು ಕಾರಣ, ಅದಕ್ಕೆ ಯಾರ ಒಪ್ಪಿಗೆ ಇತ್ತು, ಯಾರದು ಇರಲಿಲ್ಲ ಎಂದು ಎರಡೆರಡು ವಾಕ್ಯದಲ್ಲಿ ವಿವರಿಸಲು ಹೇಳಬೇಕು. ಅಂಕಗಳಲ್ಲಿ ಹೆಚ್ಚಿನ ಪಾಲನ್ನು ಈ ಕೊನೆಯ ವಿವರಣೆಗೆ ಮೀಸಲಿಟ್ಟು, ಅದನ್ನು ಮೊದಲೇ ವಿದ್ಯಾರ್ಥಿಗಳಿಗೆ ತಿಳಿಸಬೇಕು.