ಅರೂಬಾದ ಅರಿಕೊಕ್ ಉದ್ಯಾನ: ಕರಾವಳಿಯವರು ಹೇಗೆ ಸುತ್ತಬೇಕು

ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕಾರವಾರಕ್ಕಿಂತ ಎರಡು ಡಿಗ್ರಿಯಷ್ಟೇ ಕೆಳಗೆ. ಆದರೂ ಅಲ್ಲಿನ ಅರಿಕೊಕ್ ರಾಷ್ಟ್ರೀಯ ಉದ್ಯಾನದ ತುಂಬ ಕಳ್ಳಿ, ಮುಳ್ಳುಪೊದೆ, ಕಾದ ಬಂಡೆ. ನಮ್ಮಲ್ಲಿ ಮುಂಗಾರು ಗಾಳಿಯನ್ನು ಘಟ್ಟ ಮೇಲೆತ್ತಿ ಮಳೆ ಸುರಿಸುತ್ತದೆ. ಅಲ್ಲಿನ ಅತಿ ಎತ್ತರದ ಗುಡ್ಡ ಜಮನೋಟಾ ಬರೀ 188 ಮೀಟರ್. ಗಾಳಿ ತಡೆಯಿಲ್ಲದೆ ದಾಟಿಹೋಗುತ್ತದೆ. ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ ಹೆಚ್ಚು.

ನಮ್ಮವರು ಮೋಸಹೋಗುವುದು ಈ ಗಾಳಿಗೇ. ಸೆಕೆ, ಬೆವರು ನೋಡಿ ನೀರು ಕುಡಿಯುವುದು ನಮ್ಮ ರೂಢಿ. ಅಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಅಂಗಿ ಒದ್ದೆಯಾಗುವುದಿಲ್ಲ, ತಲೆ ಸಿಡಿಯತೊಡಗಿದ ಮೇಲೆಯೇ ಮೈಯಲ್ಲಿ ನೀರು ಕಡಿಮೆಯಾದದ್ದು ತಿಳಿಯುತ್ತದೆ. ಬಾಯಾರಿಕೆಗೆ ಕಾಯದೆ ಗಂಟೆಗೆ ಅರ್ಧ ಲೀಟರ್ ಕುಡಿಯಿರಿ. ನಾಲ್ಕು ಗಂಟೆಯ ನಡಿಗೆಗೆ ತಲಾ 3 ಲೀಟರ್ ನೀರು, ಎರಡು ಓಆರ್‌ಎಸ್ ಪೊಟ್ಟಣ ಇರಲಿ. ದಾರಿಯಲ್ಲಿ ಹಳ್ಳ ಸಿಕ್ಕೀತು ಎಂಬ ಶಿರಸಿ ಕಡೆಯ ಲೆಕ್ಕ ಇಲ್ಲಿ ನಡೆಯದು.

ಬೆಳಿಗ್ಗೆ 8ಕ್ಕೆ ಸಾನ್ ಫುಯೆಗೋ ದ್ವಾರದಿಂದ ಹೊಕ್ಕು ನಡಿಗೆ ಮೊದಲು ಮುಗಿಸಿ, ಬಿಸಿಲೇರಿದ ಮೇಲೆ ಗುಹೆಗಳಿಗೆ ಹೋಗಿ. ಕೊಂಚಿ ಎಂಬ ಬಂಡೆಗಳ ನಡುವಿನ ಕೊಳಕ್ಕೆ ಗಾಡಿಯಲ್ಲಿ ಹೋಗುವುದಾದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲವಿರುವ ಜೀಪೇ ಬೇಕು. ಅಲೆ ಬಂಡೆ ಹತ್ತಿ ಒಳಗೆ ಸುರಿಯುತ್ತಿದ್ದರೆ ಇಳಿಯಲೇಬೇಡಿ. ದೋಸ್ ಪ್ಲಾಯಾ, ಬೋಕಾ ಪ್ರಿನ್ಸ್ ದಂಡೆಗಳಲ್ಲಿ ಈಜು ಬೇಡ: ಕಾರವಾರದ ಕೊಲ್ಲಿಗಿರುವಂತೆ ದ್ವೀಪಗಳ ಮರೆ ಇಲ್ಲಿಲ್ಲ, ಗಾಳಿ ಹೊತ್ತು ತಂದ ಅಲೆ ನೇರ ಬಡಿಯುತ್ತದೆ, ಒಳಸೆಳೆತ ಜೋರು.

ಫಾಂಟೈನ್ ಗುಹೆಯ ಚಾವಣಿಯಲ್ಲಿ ಮೂಲನಿವಾಸಿ ಕಾಕೆಟಿಯೋ ಜನ ಬಿಡಿಸಿದ ಕೆಂಗಂದು ಚಿತ್ರಗಳಿವೆ. ಕೈಯ ಜಿಡ್ಡು ತಾಗಿದರೆ ಬಣ್ಣ ಹಾಳಾಗುತ್ತದೆ, ಮುಟ್ಟಬಾರದು. ಕ್ವಾಡಿರಿಕಿರಿ ಗುಹೆಯಲ್ಲಿ ಚಾವಣಿಯ ತೂತುಗಳಿಂದ ಬಿಸಿಲು ಕೋಲಿನಂತೆ ಇಳಿಯುತ್ತದೆ, ನೋಡಲೇಬೇಕಾದದ್ದು ಇದು. ಬಾವಲಿಗಳಿರುವುದರಿಂದ ಕ್ಯಾಮೆರಾದ ಫ್ಲ್ಯಾಶ್ ಹಾಕಬೇಡಿ.

ಚಪ್ಪಲಿ ಸಾಲದು, ಗಟ್ಟಿ ಅಡಿಯ ಬೂಟು ಬೇಕು. ಅರೂಬಾದಲ್ಲಿ ಮಾತ್ರ ಇರುವ, ಬಾಲದಲ್ಲಿ ಗಿಲಕಿ ಇರುವ ವಿಷದ ಹಾವು ಕಲ್ಲು, ಪೊದೆಯ ನೆರಳಲ್ಲಿ ಮಲಗಿರುತ್ತದೆ. ಕಾಲುದಾರಿ ಬಿಡಬೇಡಿ, ಕಾಣದ ಸಂದಿಗೆ ಕೈ ಹಾಕಬೇಡಿ. ದಿಕ್ಕು ತಪ್ಪಿದರೆ ದಿವಿದಿವಿ ಮರ ನೋಡಿ: ಗಾಳಿಗೆ ಬಾಗಿ ಅದರ ತಲೆ ನೈಋತ್ಯಕ್ಕೆ ತಿರುಗಿರುತ್ತದೆ. ಕಳ್ಳಿಯ ತುಂಡು ಮೈಗೆ ಅಂಟಿಕೊಂಡರೆ ಬೆರಳಲ್ಲಿ ಕೀಳಬೇಡಿ, ಬೆರಳಿಗೂ ಚುಚ್ಚುತ್ತದೆ. ಬಾಚಣಿಗೆಯ ಹಲ್ಲು ಅಡಿಗೆ ತೂರಿಸಿ ಒಮ್ಮೆಲೇ ಎತ್ತಿ ಎಸೆಯಿರಿ, ಉಳಿದ ಮುಳ್ಳನ್ನು ಚಿಮುಟದಿಂದ ತೆಗೆಯಿರಿ.